ಹೆಬ್ಬೆರಳಗಲದ ಆಕಾಶ

ಒಲೆಯ ಮೇಲಿನ ಚಹಾದ ನೀರು ಪಾತ್ರೆಯೊಳಗೇ ಒಂದು ಮಗ್ಗುಲಿಗೆ ವಾಲಿತು, ಗಾಳಿ ಏರಿತೆಂದು ಕಿವಿಗಿಂತ ಮೊದಲು ಆ ನೀರೇ ಅವಳಿಗೆ ಹೇಳಿತು — ಕುದಿ ಬರುವ ಮೊದಲೇ ಒಲೆ ಆರಿಸಿ ಅವಳು ಬಗ್ಗಿಕೊಂಡು ಮೇಲೆ ಬಂದಳು, ಈ ಹಾಯಿದೋಣಿಯೊಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಎಲ್ಲಿದೆ, ಹನ್ನೊಂದು ವರ್ಷ ಬಗ್ಗಿ ಬಗ್ಗಿಯೇ ಸಂಸಾರ, ಆದರೆ ಬಗ್ಗಿದ್ದು ಹಲಗೆಗೆ, ಮನುಷ್ಯರಿಗಲ್ಲ — ಮೊದಲು ನೋಡಿದ್ದು ದಡದ ಇಟ್ಟಿಗೆಗೂಡಿನ ಚಿಮಣಿ, ಅದರ ಬೆನ್ನಿಗೆ ಅಡಗಿರುವ ದೂರದ ನೀರಿನ ಟ್ಯಾಂಕು. ಸರಿ ಇದೆ. ಟ್ಯಾಂಕು ಅಡಗಿರುವವರೆಗೆ ದೋಣಿ ಇದ್ದಲ್ಲೇ ಇದೆ, ಲಂಗರು ಕೆಸರು ಕಚ್ಚಿದೆ. ಇಣುಕುತ್ತಾ ಹೋದರೆ ಜಾರುತ್ತಿದೆ ಎಂದೇ ಲೆಕ್ಕ. ಚಿಮಣಿಗೆ ಚಕ್ರವಿಲ್ಲ, ಟ್ಯಾಂಕಿಗೂ ಇಲ್ಲ. ಕೆಂಪು ಲಾರಿಗೆ ಇತ್ತು. ಹೋದ ತಿಂಗಳು ದಡದಲ್ಲಿ ನಿಂತಿದ್ದ ಲಾರಿಯನ್ನು ಗುರುತಾಗಿ ಇಟ್ಟುಕೊಂಡವನು ಅವಳ ಗಂಡ, ಲಾರಿ ಮರದ ನೇರಕ್ಕಿದೆ, ಬಿಡು, ಇನ್ನು ಚಿಂತೆ ಇಲ್ಲ ಎಂದು ಮಲಗಿದ, ಮಧ್ಯಾಹ್ನ ಡ್ರೈವರು ಲಾರಿ ಹೊಡೆದುಕೊಂಡು ಹೋದ, ಎದ್ದವನು ಅಯ್ಯೋ ಜಾರ್ತಿದೆ ಕಣೇ ಎಂದು ಕಲ್ಲಿನಂತೆ ನಿಂತಿದ್ದ ದೋಣಿಯ ಲಂಗರು ಎಳೆಯಲು ಓಡಿದ, ಒದ್ದೆ ಹಲಗೆಯ ಮೇಲೆ ಜಾರಿದ್ದು ಅವನೇ, ಕಾಲು ಮುರಿಯಿತು, ಅರ್ಧ ಎದ್ದ ಲಂಗರಿನ ಜೊತೆ ದೋಣಿ ತೇಲಿಹೋಗಿ ಪಕ್ಕದ ದೋಣಿಗೆ ಡಿಕ್ಕಿ — ಲಾರಿಯನ್ನು ಗುರುತಿಟ್ಟವರು ಯಾರು ಎಂದ ಬಂದರಿನ ಅಧಿಕಾರಿ, ಗಂಡ ನೋವಿಗೆ ಕಣ್ಣು ಮುಚ್ಚಿದ್ದಾನೆ, ನಾಚಿಕೆಗೂ ಇರಬಹುದು, ನಾನೇ ಎಂದಳು ಅವಳು. ಇನ್ನೊಂದು ಸಲ ಜಾರಿದರೆ ಎಳೆಸಿ ದಡದ ಕೆಸರಿಗೆ ಹಾಕಿಸ್ತೀನಿ, ಅಲ್ಲೇ ಕೊಳೀಲಿ ಎಂದ ಅಧಿಕಾರಿ. ಕೊಳೆಯುವುದು ಮನೆಯಲ್ಲವೇ, ಬೇರೆ ಸೂರು ಅವರಿಗೆ ಎಲ್ಲಿದೆ.

ಹುಟ್ಟು ನೀರಿಗೆ ಬೀಳುವ ಸದ್ದು. ಮೈದುನ ಸಣ್ಣ ದೋಣಿಯಲ್ಲಿ ಬರುತ್ತಿದ್ದಾನೆ, ಗಂಡ ಈಗ ಮಲಗಿರುವುದು ಇವನ ಮನೆಯಲ್ಲೇ, ಅತ್ತಿಗೆ, ಇಳಿದು ಬನ್ನಿ, ಗಾಳಿ ಇನ್ನೂ ಜೋರಾಗುತ್ತೆ, ಒಬ್ಬರ ಕೈಲಾಗೋ ಕೆಲಸ ಅಲ್ಲ ಇದು. ಆಗುತ್ತೋ ಇಲ್ಲವೋ ನನ್ನ ಕೈ ಹೇಳಲಿ, ನೀನ್ಯಾಕೆ ಹೇಳ್ತೀಯ. ಈ ಸಲ ಗುರುತು ಯಾವುದು ಅತ್ತಿಗೆ, ಬಸ್ಸಾ? ನಗು, ಇಡೀ ದಡಕ್ಕೆ ಬಾಯಿಪಾಠವಾದ ನಗು. ಲಾರಿ ವಿಷಯ ನಿಮ್ಮಣ್ಣ ಏನಂತಾರೆ? ಅಣ್ಣನಾ, ಬಂದವರಿಗೆಲ್ಲ ಅದನ್ನೇ ಹೇಳಿ ನಗಿಸ್ತಾನೆ, ನನ್ನ ಹೆಂಡತಿಗೆ ಲಾರಿನೂ ಒಂದೇ, ಬೆಟ್ಟನೂ ಒಂದೇ ಅಂತ — ಓಹೋ. ಹಾಗೋ. ಅವನ ಮಾನಕ್ಕೆ ಅವಳು ಹೊದಿಸಿದ ಹೊದಿಕೆಯನ್ನೇ ಅವನು ಹಾಸಿ ಕುಳಿತಿದ್ದಾನೆ. ಗಾಳಿ ಹಾಯಿ ಕಟ್ಟುವ ಕೂವೆಮರದ ಹಗ್ಗಗಳನ್ನು ಪಟಪಟ ಬಡಿಯುತ್ತದೆ, ಒಣಗಲು ಹಾಕಿದ ಅವನ ಅಂಗಿ ತೋಳೆತ್ತಿ ಕುಣಿಯುತ್ತದೆ, ಕುಣಿ, ಕುಣಿ. ಲಂಗರಿನ ಹಗ್ಗ ಬಿಗಿದು ನಿಂತಿದೆ, ಹೀಗೆ ಜಗ್ಗಿದರೆ ಕೊಕ್ಕೆ ಮೇಲಕ್ಕೆ ಕಿತ್ತುಕೊಂಡೀತು, ಹಗ್ಗ ಉದ್ದ ಬಿಟ್ಟರೆ ಮಲಗಿ ಕೆಸರು ಕಚ್ಚುತ್ತದೆ — ಅವಳು ಕಟ್ಟು ಸಡಿಲಿಸಿದಳು. ಅಯ್ಯೋ ಅತ್ತಿಗೆ, ಬಿಡೋದಲ್ಲ, ಎಳೀರಿ, ಎಳೀರಿ! ಒಂದು ಮಾರು ಹಗ್ಗ, ಅಂಗೈ ಉರಿಯುತ್ತಿದೆ, ಎರಡು, ಬಂದರಿನ ಕಟ್ಟೆಯ ಮೇಲೆ ಅಧಿಕಾರಿ ಎದ್ದು ನಿಂತ, ದುರ್ಬೀನು ಹಿಡಿದ, ನೋಡಲಿ, ಕಣ್ಣು ತುಂಬ ನೋಡಲಿ, ಮೂರು, ನಾಲ್ಕು, ಐದು, ಬಿಗಿದು ಸುತ್ತು. ದೋಣಿ ಹಿಂದಕ್ಕೆ ಹೋಗುತ್ತಿದೆ, ಟ್ಯಾಂಕು ಚಿಮಣಿಯಿಂದ ಇಣುಕಿತು, ಪೂರ್ತಿ ಹೊರಗೆ ಬಂತು, ನಡುವೆ ಆಕಾಶದ ಒಂದು ಪಟ್ಟಿ, ಜಾರ್ತು ಜಾರ್ತು ಎಂದು ಮೈದುನ ಕೂಗುತ್ತಾನೆ, ಸುಮ್ನಿರೋ, ಬಿಟ್ಟಿದ್ದು ನಾನು, ನಿಲ್ಲಿಸೋದೂ ನಾನೇ. ತೋಳು ನೀಡಿ ಹೆಬ್ಬೆರಳು ಎತ್ತಿದಳು, ಪಟ್ಟಿ ಬೆರಳಿನ ಹಿಂದೆ ಸರಿಯಾಗಿ ಮುಚ್ಚಿಹೋಯಿತು, ಇನ್ನು ಇದೇ ಗುರುತು, ಬೆರಳಾಚೆ ಒಂದು ಎಳೆ ಬೆಳಕು ಕಂಡರೂ ಮನೆ ಕೆಸರಿಗೆ, ಹಗ್ಗ ನರಳಿತು, ಅಂಗಿ ಕುಣಿಯಿತು, ಅವನು ನಗಲಿ, ಇವನು ಕೂಗಲಿ, ನಾಳೆ ಹೇಳುತ್ತೇನೆ ಲಾರಿಯನ್ನು ಗುರುತಿಟ್ಟವರು ಯಾರೆಂದು, ದಡಕ್ಕೆಲ್ಲ ಕೇಳುವಂತೆ — ಈಗ ಮಾತಿಲ್ಲ, ಈಗ ಚಿಮಣಿ, ಟ್ಯಾಂಕು, ನಡುವೆ ಹೆಬ್ಬೆರಳು, ಬೆಳಕಿಲ್ಲ, ಇನ್ನೂ ಇಲ್ಲ, ಚಿಮಣಿ, ಟ್ಯಾಂಕು, ನಡುವೆ ಹೆಬ್ಬೆರಳು —