ಬಳಪ ಮತ್ತು ಸ್ಲೇಟು

ಕದಿರಯ್ಯನ ಶಿಷ್ಯ ಸಂಜೀವಯ್ಯ ಹುಣಿಸೆಮರದ ಕಡೆಯಿಂದ ಮೂರನೆಯ ಸಲವೂ ಬರಿಗೈಯಲ್ಲೇ ಓಡಿಬಂದ.

"ನಿಮ್ಮಣ್ಣೋರು ಏಳ್ತಾನೇ ಇಲ್ಲಮ್ಮ. ಗುಣಿ ತೋಡಿದ ಮೇಲೇನೇ ತವರಿನ ಬಟ್ಟೆ ಕೊಡಾದು ಅಂತಾರೆ."

ಚಿಕ್ಕಹನುಮಕ್ಕ ಸತ್ತ ಗಂಡ ಕದಿರಯ್ಯನ ತಲೆಯ ಬಳಿ ಕೂತಿದ್ದಳು. ಅವಳ ಅಣ್ಣ ಬೋರಯ್ಯ ತೋವಿನಕೆರೆಯಿಂದ ಮೊದಲ ಬಸ್ಸಿಗೇ ಬಂದು, ಹೆಣಕ್ಕೆ ಹೊದಿಸಬೇಕಾದ ಹೊಸ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಊರಾಚೆಯ ಆ ಮರದಡಿಯೇ ಕೂತಿದ್ದ.

ಜಗಲಿಯ ಮೇಲೆ ಕದಿರಯ್ಯನ ಅಣ್ಣ ಗಂಗಯ್ಯ ಗುದ್ದಲಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಬೀಡಿ ಹಚ್ಚಿದ.

"ಬಟ್ಟೆ ಬರ್ದೆ ಗುಣಿ ತೋಡಿದ್ರೆ ನಮ್ಮೋರು ನಗ್ತಾರೆ ಕಣ್ಲಾ. ಹೆಣ್ಣು ಕೊಟ್ಟೋರ್ಗೇ ಇಷ್ಟು ಜಂಬ ಇದ್ರೆ ನಮ್ಗೆಷ್ಟಿರ್ಬೇಕು?"

ಮಧ್ಯಾಹ್ನ ಎರಡಾಗಿತ್ತು. ಕದಿರಯ್ಯನ ತುಟಿಯ ಮೇಲೆ ನೊಣ ಕೂತಿತು. ಚಿಕ್ಕಹನುಮಕ್ಕ ಅದನ್ನು ಸೆರಗಿನಿಂದ ಓಡಿಸಿದಳು.

*

ಅನೇಕ ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವುದು ಹೇಗೆಂಬುದು ಕದಿರಯ್ಯ ಕಾಲೇಜಿನಲ್ಲಿ ಕಲಿಸುತ್ತಿದ್ದ ಪಾಠ. ಎಂಬತ್ತಾರನೆಯ ಇಸವಿಯಲ್ಲಿ ಕಾಲೇಜಿಗಿದ್ದದ್ದು ಒಂದೇ ಕಂಪ್ಯೂಟರು. ಹಾಗಾಗಿ ಹುಡುಗರನ್ನೇ ಯಂತ್ರ ಮಾಡಿ ಆಡಿಸುತ್ತಿದ್ದ. ಅದಕ್ಕೂ ಮೊದಲು ಹೆಂಡತಿಯ ಮೇಲೆ ಪರೀಕ್ಷೆ.

"ಬಳಪ ನಿನ್ತಾವ, ಸ್ಲೇಟು ನನ್ತಾವ. ಬರೆಯಾಕೆ ಎರಡೂ ಬೇಕು. ನೀನೂ ಕೊಡ್ಬ್ಯಾಡ, ನಾನೂ ಕೊಡಲ್ಲ."

"ಎಷ್ಟೊತ್ತು ಇಂಗೇ ಕೂರಾದು?"

"ಯಂತ್ರಕ್ಕೆ ಬೇಜಾರಾಗಲ್ಲ ಕಣೇ. ಎರಡೂ ಸರಿಯಾಗೇ ಇರ್ತವೆ, ಸುಮ್ನೆ ಕಾಯ್ತವೆ. ವರ್ಸಗಟ್ಲೆ ಕಾಯ್ತವೆ."

ಒಲೆಯ ಕಡೆಯಿಂದ ಸೀದ ವಾಸನೆ ಬಂತು. "ಅನ್ನ ಕಾಯಾಕಿಲ್ಲ! ಹಾಳು ಪಾಠ!" ಎಂದು ಸ್ಲೇಟು ಕಿತ್ತು ಮೂಲೆಗೆಸೆದು ಓಡಿದಳು.

ಅವನು ಬಿದ್ದುಬಿದ್ದು ನಕ್ಕ. "ಅದೇ ಕಣೇ! ಒಬ್ರ ಕೈಯಿಂದ ಕಿತ್ಕಂಡ್ರೇನೇ ಕೆಲ್ಸ ಮುಂದ್ಕೋಗಾದು. ನಾಳೆ ಹುಡುಗ್ರಿಗೂ ಇಂಗೇ ತೋರಿಸ್ತೀನಿ."

*

"ಸಾರ್ ಇದನ್ನೇ ಹೇಳ್ಕೊಟ್ಟಿದ್ರು," ಸಂಜೀವಯ್ಯ ಗೊಣಗಿದ. "ಬಳಪ, ಸ್ಲೇಟು..."

ಚಿಕ್ಕಹನುಮಕ್ಕ ಎದ್ದಳು. ನೇರ ಜಗಲಿಗೆ ಬಂದು ಗಂಗಯ್ಯನ ಮೊಣಕಾಲಿನಿಂದ ಗುದ್ದಲಿ ಕಿತ್ತುಕೊಂಡಳು.

"ನೀವಿಬ್ರೂ ಕಾಯ್ತಾ ಇರಿ ಬಾವ. ಹೆಣ ಕಾಯಾಕಿಲ್ಲ."

"ಲೇ, ಹೆಂಗಸ್ರು ಗುಣಿತಾವ ಬರಂಗಿಲ್ಲ!"

"ಬರಬೋದಾದೋರು ಬೀಡಿ ಸೇದ್ತಾವ್ರಲ್ಲ."

ಅವಳು ಹೊಲದ ಬದುವಿಗೆ ನಡೆದಳು. ಹಿಂದೆ ಸಂಜೀವಯ್ಯನೂ ಅವನ ಜೊತೆಗೆ ಬಂದಿದ್ದ ನಾಲ್ವರು ವಿದ್ಯಾರ್ಥಿಗಳೂ ಮಣ್ಣು ಹೊರುವ ಮಂಕರಿ ಹಿಡಿದು ಹೊರಟರು. ದೂರದ ಹುಣಿಸೆಮರದಡಿ ಬೋರಯ್ಯ ದಡಬಡಿಸಿ ಎದ್ದು ನಿಂತ.

ನೆಲ ಗಟ್ಟಿಯಿತ್ತು. ಮೂರನೆಯ ಏಟಿಗೆ ಅವಳ ಬಲಗೈಯ ಹಸಿರು ಬಳೆ ಗುದ್ದಲಿಯ ಹಿಡಿಗೆ ತಾಕಿ ಒಡೆದು ಮಣ್ಣಿಗೆ ಬಿತ್ತು. ಅವಳು ಅದರ ಪಕ್ಕದಲ್ಲೇ ನಾಲ್ಕನೆಯ ಏಟು ಹಾಕಿದಳು.