ಹೋಲಿಕೆಗೆ ಉಳಿದ ಊರು

ಹಾನಗಲ್ಲಿನ ಸಮತಾ ಎಂ.ಎ. ಮುಗಿಸಿ ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮನೆಮನೆ ಸಮೀಕ್ಷೆಯ ಕೆಲಸಕ್ಕೆ ಸೇರಿದ್ದಳು. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳಲು ಸಂಸ್ಥೆಯವರು ಹಿರೇಕೆರೂರು ತಾಲೂಕಿನ ಕೆಲವು ಹಳ್ಳಿಗಳಲ್ಲಿ ‘ಮಕ್ಕಳ ಮನೆ’ ತೆರೆದಿದ್ದರು. ಯಾವ ಹಳ್ಳಿಗೆ ಎನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರು. ಚೀಟಿಯಲ್ಲಿ ಬಾರದ ಹಳ್ಳಿಗಳಿಗೂ ಸಮತಾ ಹೋಗಿ ಅವೇ ಪ್ರಶ್ನೆಗಳನ್ನು ಕೇಳಬೇಕಿತ್ತು. ಎರಡನ್ನೂ ಹೋಲಿಸಿ ತೋರಿಸಿದರೆ ತಾನೇ ಸರ್ಕಾರ ಕಿವಿಗೊಡುವುದು!

ದುರ್ಗವ್ವನ ಊರು ಚೀಟಿಯಲ್ಲಿ ಬಂದಿರಲಿಲ್ಲ.

ದುರ್ಗವ್ವನ ಗಂಡ ಗೋವಾದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದ. ಅತ್ತೆ ಕರೆವ್ವನಿಗೆ ಕಣ್ಣು ಮಂಜಾಗಿತ್ತು. ಹೀಗಾಗಿ ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಪಾರುವನ್ನು ದುರ್ಗವ್ವ ಕೆಲಸಕ್ಕೇ ಎತ್ತಿಕೊಂಡು ಹೋಗುತ್ತಿದ್ದಳು. ಬೀಜ ತಯಾರಿಸುವ ಹೊಲದಲ್ಲಿ ಮೆಣಸಿನಕಾಯಿ ಗಿಡದ ಮೊಗ್ಗು ಬಿಡಿಸಿ ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸ ಅವಳದು. ಹೂವಿನ ಮೇಲಿಂದ ಕಣ್ಣು ಕದಲಿಸುವಂತಿರಲಿಲ್ಲ.

ಮೊದಲ ಭೇಟಿಯಲ್ಲೇ ದುರ್ಗವ್ವ ಕೇಳಿದ್ದಳು: “ಬಾಜೂ ಊರಾಗ ಮಕ್ಕಳ ಮನಿ ಐತೆಲ್ರಿ ಅಕ್ಕಾರ. ನಮ್ಮನ್ನ ಕೆಲಸಕ್ಕ ಒಯ್ಯೋ ಟಂಟಂ ಗಾಡಿ ಅದ ಹಾದಿಲೆ ಹೋಗ್ತೈತಿ. ಪಾರೂನ ಅಲ್ಲಿ ಬಿಟ್ಟು ಹೋಗ್ಲೇನ್ರಿ?”

ಸಮತಾ ಅಂಗಳಕ್ಕೆ ಬಂದು ತನ್ನ ಮೇಲ್ವಿಚಾರಕ ಮಾಲತೇಶನಿಗೆ ಫೋನು ಮಾಡಿದಳು.

“ನನಗೂ ಇಲ್ಲ ಅನ್ನಾಕ ಮನಸ್ಸಿಲ್ಲ ಸಮತಾ,” ಎಂದ ಮಾಲತೇಶ. “ಆದ್ರ ಆ ಊರಿನ ಕೂಸುಗಳು ಮಕ್ಕಳ ಮನಿಗೆ ಬಂದ್ರ ಹೋಲಿಕೀನ ಕೆಟ್ಟು ಹೋಗ್ತೈತಿ. ಒಂದು ವರ್ಷ ತಡಕೊಳ್ಳಾಕ ಹೇಳು. ಆಮ್ಯಾಲ ಎಲ್ಲಾ ಊರಿಗೂ ಬರ್ತೈತಿ.”

ಸಮತಾ ಅದನ್ನೇ ಹೇಳಿದಳು. ದುರ್ಗವ್ವ ಬೇಸರ ತೋರಿಸಲಿಲ್ಲ. “ಆತು ಬಿಡ್ರಿ, ಒಂದು ವರ್ಷ ಹೆಂಗರ ಕಳೀತೈತಿ,” ಎಂದು ಚಹಾ ಕೊಟ್ಟು ಕಳಿಸಿದಳು.

ಮಳೆಗಾಲ ಕಳೆದ ಮೇಲೆ ಸಮತಾ ಮತ್ತೆ ಆ ಮನೆಗೆ ಹೋದಾಗ ಕರೆವ್ವ ಒಬ್ಬಳೇ ಕಟ್ಟೆಯ ಮೇಲೆ ಕುಳಿತಿದ್ದಳು.

“ಪಾರು ಎಲ್ಲಿ ಆಯಿ?”

“ಕೂಸು ಹೋತವ್ವಾ,” ಎಂದಳು ಮುದುಕಿ. “ಹೊಂಡದಾಗ ಬಿತ್ತು.”

ಹೊಲದ ಅಂಚಿಗೆ ನೀರು ನಿಲ್ಲಿಸಲು ತೋಡಿದ ಕೃಷಿ ಹೊಂಡ ಅದು. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ, ಜಾರಿ ಬಿದ್ದರೆ ದೊಡ್ಡವರಿಗೇ ಹತ್ತಿ ಬರಲು ಆಗುತ್ತಿರಲಿಲ್ಲ. ಸಮತಾ ಕರೆವ್ವನ ಪಕ್ಕದಲ್ಲೇ ಕುಳಿತಳು.

ಸಂಜೆ ದುರ್ಗವ್ವ ಕೆಲಸದಿಂದ ಬಂದಳು. ಮುಖ ತೊಳೆದು ಎದುರಿಗೆ ಕುಳಿತು, “ನಿಮ್ಮ ಪ್ರಶ್ನಿ ಕೇಳ್ರಿ ಅಕ್ಕಾರ,” ಎಂದಳು.

“ಇವತ್ತು ಬ್ಯಾಡ್ರಿ ದುರ್ಗಕ್ಕ.”

“ನೀವರ ಕೇಳ್ರಿ. ಊರಾಗ ಯಾರೂ ನನ್ನ ಮುಂದ ಅಕೀ ಹೆಸರ ಎತ್ತಂಗಿಲ್ಲ.”

ಕೆಲಸದ ಪ್ರಶ್ನೆಗಳು ಮುಗಿದು ಮಗುವಿನ ಪ್ರಶ್ನೆ ಬಂತು. ಸಮತಾ ತಲೆ ತಗ್ಗಿಸಿ ಓದಿದಳು: “ನೀವು ಕೆಲಸಕ್ಕೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?”

“ನಾನ ನೋಡಕೋತಿದ್ನಿರಿ,” ಎಂದಳು ದುರ್ಗವ್ವ. “ಬದುವಿನ ಮ್ಯಾಲ ಕುಂದ್ರಿಸಿದ್ನಿ, ಕೈಯಾಗ ಬ್ರೆಡ್ ಕೊಟ್ಟಿದ್ನಿ. ಸಾಲು ಮುಗಿಸಿ ತಲಿ ಎತ್ತೂದ್ರಾಗ ಇರಲಿಲ್ರಿ.” ಸಮತಾಳ ಕೈಯಲ್ಲಿದ್ದ ಹಾಳೆಯತ್ತ ಬೆರಳು ತೋರಿಸಿದಳು. “ಈಗ ಒಂದು ದಿನಾನೂ ಕೆಲಸ ಬಿಡಂಗಿಲ್ರಿ. ಮನ್ಯಾಗ ಕುಂದ್ರಾಕ ಆಗಂಗಿಲ್ಲ. ಅದನ್ನೂ ಬರಕೊಳ್ರಿ.”

ಸಮತಾ ಬರೆದುಕೊಂಡಳು. ಮೊದಲಿಗಿಂತ ಹೆಚ್ಚು ಕೆಲಸಕ್ಕೆ ಹೋಗುತ್ತಿರುವ ಹೆಂಗಸು ಎಂದಷ್ಟೇ ಲೆಕ್ಕಕ್ಕೆ ಸೇರುತ್ತದೆಂಬುದು ಅವಳಿಗೆ ಗೊತ್ತಿತ್ತು.

ಬಸ್ ಸ್ಟ್ಯಾಂಡಿನಿಂದ ಮಾಲತೇಶನಿಗೆ ಎಲ್ಲ ಹೇಳಿದಳು.

“ಬ್ಯಾಡ ಅಂದಾಂವ ನಾನು, ಸಮತಾ. ತಪ್ಪು ನಂದು,” ಎಂದ ಅವನು.

“ಅಕೀ ಮುಂದ ಹೇಳಿದ ಬಾಯಿ ನಂದಲ್ಲೇನ್ರಿ ಸರ್?” ಎಂದಳು. ಫೋನು ಇಟ್ಟಳು.

ಮಾಲತೇಶ ಮೇಲಿನವರೊಡನೆ ಜಗಳಕ್ಕೇ ನಿಂತ. ಹೋಲಿಕೆ ಅರ್ಧಕ್ಕೆ ನಿಂತರೂ ಸರಿ, ಇನ್ನು ಕಾಯಬಾರದು ಎಂದು ಪಟ್ಟು ಹಿಡಿದ. ವರ್ಷ ತುಂಬುವ ಮೊದಲೇ ಉಳಿದ ಊರುಗಳಲ್ಲೂ ಮಕ್ಕಳ ಮನೆಗಳು ತೆರೆದವು.

ದುರ್ಗವ್ವನ ಊರಲ್ಲಿ ತೆರೆದ ದಿನ ಬೆಳಿಗ್ಗೆ ಸಮತಾ ಮಕ್ಕಳನ್ನು ಒಳಗೆ ಕರೆದುಕೊಳ್ಳಲು ಬಾಗಿಲಲ್ಲಿ ನಿಂತಿದ್ದಳು. ದುರ್ಗವ್ವ ಬರಲಾರಳು ಎಂದುಕೊಂಡಿದ್ದಳು. ಆದರೆ ಅವಳು ಬಂದಳು, ನೆರೆಮನೆಯವರ ಗಂಡು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು.

“ಇವರವ್ವಗ ಜ್ವರ ಬಂದಾವ್ರಿ. ಅದಕ ನಾನ ಕರಕೊಂಡು ಬಂದ್ನಿ,” ಎಂದು ಕೂಸನ್ನು ಸಮತಾಳ ಕೈಗೆ ದಾಟಿಸಲು ಹೋದಳು. ಕೂಸು ಹೋ ಎಂದು ಅತ್ತು ಅವಳ ಸೆರಗು ಹಿಡಿದುಕೊಂಡಿತು. ದುರ್ಗವ್ವ ಅದರ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು. ಬಿಡಿಸಿದ ಕೈಯನ್ನು ಸ್ವಲ್ಪ ಹೊತ್ತು ತನ್ನ ಕೈಯೊಳಗೇ ಇಟ್ಟುಕೊಂಡಿದ್ದಳು.

ಹೊರಗೆ ಟಂಟಂನವನು ಹಾರ್ನ್ ಹೊಡೆದ. ದುರ್ಗವ್ವ ಕಣ್ಣೊರೆಸಿಕೊಳ್ಳುತ್ತ ಓಡಿದಳು.

ಸಮತಾ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಯಾವ ಕೂಸೂ ಹೊರಗೆ ಹೋಗದಂತೆ ಬಾಗಿಲ ಚಿಲಕ ಹಾಕಿದಳು.