ಗುರುವಾರ ಹನ್ನೊಂದರ ಸಂದರ್ಶನ

ಹಾಲು ತಗೊಳ್ಳುವ ಮೊದಲು ಹಾಲಿನವನ ಮುಖ ನೋಡುವ ಪೈಕಿ ಮನುಷ್ಯ ಮಾರ್ತಾಂಡರಾಯರು. ಒಂದು ಬ್ಯಾಂಕಿನ ವಿಜಿಲೆನ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಮಂದಿಯ ಸಹಿಯ ಬಾಲ ಎತ್ತ ತಿರುಗಿದೆ ಎಂದು ನೋಡಿ ನೋಡಿ ಆ ಕಣ್ಣು ಹಾಗೇ ನಿಂತುಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಹುಟ್ಟುಗುಣವೂ ಅಲ್ಲ, ಸಂಬಳ ಕೊಟ್ಟು ಕಲಿಸಿದ ಗುಣ. ಅದು ಇನ್ನೂ ಗಟ್ಟಿ.

ಅಂಥವರ ಪಾಲಿಗೆ ‘ವಿಶ್ವಾಸಾರ್ಹ ಪ್ರಯಾಣಿಕರು’ ಎಂಬ ಯೋಜನೆಯ ಅರ್ಜಿ ತುಂಬುವ ಕೆಲಸ ಬಂದಿತ್ತು. ಅರ್ಜಿ ಹೆಂಡತಿ ಇಂದೂಬಾಯಿಯದು. ಮಗಳು ಪೂರ್ವಾ ಮಸ್ಕತ್ತಿನಲ್ಲಿ ಚೊಚ್ಚಲ ಬಸುರಿ, ನವೆಂಬರ್ ನಡುವಿಗೆ ದಿನ. ಚೊಚ್ಚಲು ತವರಲ್ಲಿ ಆಗಬೇಕು. ಆದರೆ ಡಾಕ್ಟರು ವಿಮಾನ ಹತ್ತಬೇಡ ಎಂದಿದ್ದರಿಂದ ತವರೇ ಅಲ್ಲಿಗೆ ಹೋಗಬೇಕಿತ್ತು. ಹೋದ ವರ್ಷ ಮುಂಬಯಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ಒಂದೂವರೆ ತಾಸು ನಿಂತು ಇಂದೂಬಾಯಿ ತಲೆ ತಿರುಗಿ ಕುಸಿದಿದ್ದರು. ಈ ಯೋಜನೆಯಲ್ಲಿ ಹೆಸರು ಸೇರಿದರೆ ಸಾಲಿನ ಗೋಜಿಲ್ಲ, ಯಂತ್ರದ ಮೇಲೆ ಬೆರಳಿಟ್ಟು ಗೇಟು ದಾಟಬಹುದು. ಅದಕ್ಕೆ ಮೊದಲು ಮುಂಬಯಿಯಲ್ಲೊಂದು ಸಂದರ್ಶನ. ಸಿಕ್ಕ ತಾರೀಖು ಡಿಸೆಂಬರ್ ಹದಿನೈದು. ಅಷ್ಟೊತ್ತಿಗೆ ಕೂಸಿಗೆ ಹೆಸರಿಟ್ಟು ಮುಗಿದಿರುತ್ತದೆ.

ರಾಯರು ತಾವು ಹೋಗುವ ಮಾತೇ ಇರಲಿಲ್ಲ. ಮನೆ ಯಾರು ಕಾಯಬೇಕು?

ಅಕ್ಟೋಬರದ ಒಂದು ಸೋಮವಾರ, ಇಂದೂಬಾಯಿ ಭಜನೆಗೆ ಹೋದ ಹೊತ್ತಿನಲ್ಲಿ, ಅವರ ತಮ್ಮ ದಿಗಂಬರನ ಫೋನು ಬಂತು. ದಿಗಂಬರ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಯಾರು ಏನು ಹೇಳಿದರೂ ಹೂಂ ಅನ್ನುವವ. ಅಂಥವರ ಮೇಲೆ ರಾಯರಿಗೆ ಗುಮಾನಿ ಒಂದು ತೂಕ ಹೆಚ್ಚೇ.

“ಭಾವ, ಅಕ್ಕಂದು ಇಂಟರ್‌ವ್ಯೂ ಇದ ಗುರುವಾರ ಮುಂಜಾನಿ ಹನ್ನೊಂದಕ್ಕ ಬಂತಲ್ರಿ! ಭಾಳ ಚಲೋ ಆತು. ಮುಂಬಯಿಗೆ ನಾ ಕರ್ಕೊಂಡ ಹೋಗ್ತೀನಿ, ನೀವು ಚಿಂತಿ ಬಿಡ್ರಿ.”

ರಾಯರು ಹಾಂ ಅಂದು ಫೋನಿಟ್ಟರು. ಅರ್ಜಿಯ ವಿಷಯ ಅವರು ಹೊರಗಿನವರ ಮುಂದೆ ತುಟಿ ಬಿಚ್ಚಿರಲಿಲ್ಲ. ಕಂಪ್ಯೂಟರ್ ತೆಗೆದು ನೋಡಿದರೆ ಹೌದು, ಇದೇ ಗುರುವಾರ, ಹನ್ನೊಂದು ಗಂಟೆ. ಡಿಸೆಂಬರ್ ಮಾಯ. ತಾವು ಬದಲಿಸಿಲ್ಲ, ಇಂದೂಬಾಯಿಗೆ ಕಂಪ್ಯೂಟರ್ ಬರುವುದಿಲ್ಲ. ಮತ್ತೆ ಯಾರ ಕೈ?

ಹೋದ ತಿಂಗಳಷ್ಟೇ ಮೂರನೇ ಮಹಡಿಯ ರಾಜೀವ, ಬೇಗ ತಾರೀಖು ಕೊಡಿಸುತ್ತೇನೆಂದ ಏಜೆಂಟನೊಬ್ಬನನ್ನು ನಂಬಿ ಪಾಸ್‌ಪೋರ್ಟಿನ ವಿವರವನ್ನೆಲ್ಲ ಕೊಟ್ಟು ಕೆಟ್ಟಿದ್ದ. ರಾಯರ ತಲೆಯಲ್ಲಿ ಎರಡೂ ಕೂಡಿಕೊಂಡವು. ದಿಗಂಬರ ಅಂಥವನನ್ನೇ ಹಿಡಿದಿದ್ದಾನೆ. ಅಕ್ಕನ ಹೆಸರಲ್ಲಿ ನಾಳೆ ಯಾವಳೋ ಗೇಟು ದಾಟುತ್ತಾಳೆ, ಪೊಲೀಸರು ಬರುವುದು ನಮ್ಮ ಬಾಗಿಲಿಗೆ. ಮುಂಬಯಿಗೆ ತಾನೇ ಕರೆದೊಯ್ಯುತ್ತಾನಂತೆ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

ವಿಜಿಲೆನ್ಸಿನಲ್ಲಿ ಕಲಿತ ಮೊದಲ ಪಾಠ: ಮೊದಲು ತಡೆ, ಆಮೇಲೆ ಕೇಳು. ರಾಯರು ‘ರದ್ದುಮಾಡಿ’ ಎಂಬಲ್ಲಿ ಒತ್ತಿದರು. ರದ್ದಾದರೆ ಹಳೇ ತಾರೀಖು ತಾನಾಗಿ ಬರುತ್ತದೆ ಎಂದು ಅವರ ಲೆಕ್ಕ. ಮೊಬೈಲಿಗೆ ಬಂದ ಒಟಿಪಿ ಹಾಕಿರಿ ಎಂದಿತು. ತಮ್ಮ ಮೊಬೈಲು ನೋಡಿದರು. ಏನೂ ಇಲ್ಲ.

ಅಷ್ಟರಲ್ಲಿ ಮತ್ತೆ ದಿಗಂಬರ. “ಭಾವ, ಒಟಿಪಿ ಬಂದದ್ರಿ. ನಿಮಗ ಬೇಕಾಗಿರಬೇಕು. ಬರಕೋರಿ, ನಾಕು, ಏಳು, ಸೊನ್ನಿ...”

ಕಳ್ಳ ತಾನಾಗಿ ಸಿಕ್ಕಿಬಿದ್ದ! ರಾಯರು ಪೆನ್ನು ಎಳೆದುಕೊಂಡರು, ಸಿಟ್ಟಿನಿಂದ. ಸ್ವಲ್ಪ ಸಂತೋಷದಿಂದಲೂ ಅನ್ನಬೇಕು, ಸುಳ್ಳು ಯಾಕೆ ಹೇಳಲಿ. ಆರೂ ಅಂಕಿ ಬರೆದುಕೊಂಡರು. ಇದು ಯಾತಕ್ಕೆಂದು ದಿಗಂಬರ ಕೇಳಲಿಲ್ಲ. ರಾಯರು ಅಂಕಿ ಹಾಕಿ ಒತ್ತಿದರು. ಸಂದರ್ಶನ ರದ್ದಾಯಿತು.

ಅರ್ಜಿಯ ಪ್ರತಿ ಇದ್ದ ಫೈಲು ಬಗಲಲ್ಲಿ ಹಿಡಿದು, ಆಟೋ ಮಾಡಿಕೊಂಡು ನೇರ ಮಾರ್ಕೆಟ್ ಯಾರ್ಡಿಗೆ ಹೋದರು. ದಿಗಂಬರ ಉಳ್ಳಾಗಡ್ಡಿ ಚೀಲಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದವ, ಭಾವನನ್ನು ಕಂಡು ಎದ್ದು ನಿಂತ.

“ಏಜೆಂಟ್ ಯಾರು, ಹೇಳು. ಇಂದೂನ ಒಟಿಪಿ ನಿನ್ನ ಮೊಬೈಲಿಗೆ ಹೆಂಗ ಬಂತು?”

“ಯಾವ ಏಜೆಂಟ್ರಿ ಭಾವ? ನಂಬರ ನನ್ನದ ಕೊಟ್ಟೀರಲ್ರಿ ನೀವು.”

“ನಾನು?”

“ಎಲ್ಲಾ ಕಡೆ ನನ್ನದ ಕೊಡ್ತೀರಿ. ಗುಳಿಗಿ ಅಂಗಡಿ, ಪೆಟ್ರೋಲ್ ಪಂಪು, ನಿಮ್ಮ ಕಣ್ಣಿನ ಡಾಕ್ಟರು. ಆರು ವರ್ಷ ಆತು. ಬೇಕಾದ್ದು ಇದ್ರ ಅಕ್ಕಗ ಕಳಸ್ತೀನಿ, ಉಳಿದದ್ದು ಅಳಿಸಿಬಿಡ್ತೀನಿ.”

ರಾಯರು ಫೈಲು ಬಿಚ್ಚಿದರು. ಮೊಬೈಲ್ ನಂಬರ್ ಎಂಬ ಕಡೆ ದಿಗಂಬರನದೇ. ತಮ್ಮ ನಂಬರು ಕಂಡವರ ಕೈಗೆ ಬೀಳಬಾರದೆಂದು ಎಂದೋ ಹಿಡಿದ ಚಾಳಿ, ಬೆರಳಿಗೆ ರೂಢಿಯಾಗಿ ಇಲ್ಲೂ ಅದನ್ನೇ ಒತ್ತಿತ್ತು. ಅರ್ಜಿಯ ಉಳಿದ ವ್ಯವಹಾರವೆಲ್ಲ ಇಮೇಲಿನಲ್ಲಿ ನಡೆದದ್ದರಿಂದ ಗೊತ್ತಾಗಿರಲಿಲ್ಲ.

“ಮತ್ತ ತಾರೀಖು?”

“ಯಾರರ ತಮ್ಮ ಜಾಗಾ ಬಿಟ್ಟುಕೊಟ್ರ ಮೆಸೇಜ್ ಬರ್ತದ್ರಿ, ಹತ್ತು ಮಿನಿಟಿನ್ಯಾಗ ಹೌದು ಅಂತ ಒತ್ತಬೇಕು. ನೋಡಿದಕೂಡ್ಲೆ ಒತ್ತಿಬಿಡು ಅಂತ ಅಕ್ಕ ಹೇಳಿದ್ಲು. ಉಳ್ಳಾಗಡ್ಡಿ ಗಾಡಿ ಬರ್ತಾವಂತ ನಾ ನಸಕಿನ್ಯಾಗ ಎದ್ದಿರ್ತೀನಿ. ಇವತ್ತ ಬಂತು, ಒತ್ತಿದೆ.” ದಿಗಂಬರ ಭಾವನ ಮುಖ ನೋಡಿ ತಡೆದ. “ಯಾಕ್ರಿ, ಏನಾತು?”

ರಾಯರು ಹೇಳಿದರು. ದಿಗಂಬರ ಅಲ್ಲೇ ತನ್ನ ಮೊಬೈಲಿನಲ್ಲಿ ನೋಡಿದ. ಗುರುವಾರದ ಜಾಗ ಆಗಲೇ ಬೇರೆಯವರ ಪಾಲಾಗಿತ್ತು. ಡಿಸೆಂಬರವೂ ಹೋಗಿತ್ತು. ಒಮ್ಮೆ ರದ್ದು ಮಾಡಿದವರಿಗೆ ಬಿಟ್ಟ ಜಾಗದ ಮೆಸೇಜು ಇಲ್ಲ. ಹೊಸದಾಗಿ ಕೇಳಿದರೆ ಮಾರ್ಚ್ ಒಂಬತ್ತು. ದಿಗಂಬರ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ರಾಯರಿಗೆ ಅನಿಸಿತು. ಇಬ್ಬರೂ ಕೂಡಿಯೇ ಮನೆಗೆ ಹೋದರು.

ಭಜನೆಯಿಂದ ಬಂದ ಇಂದೂಬಾಯಿ ಮಗಳಿಗೆಂದು ಅಂಟಿನ ಉಂಡೆ ಕಟ್ಟುತ್ತಿದ್ದರು. ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲಾ ಹೇಳಿದರು. ಇಂದೂಬಾಯಿ ಕೈಯಲ್ಲಿದ್ದ ಉಂಡೆ ಕಟ್ಟಿ ಮುಗಿಸಿ, ತಾಟಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿದರು.

“ದಿಗಂಬರಗ ಹೇಳೀದಿ. ನನಗೊಂದ ಮಾತು ಯಾಕ ಹೇಳಲಿಲ್ಲ?” ರಾಯರ ದನಿಯಲ್ಲಿ ಇನ್ನೂ ಸ್ವಲ್ಪ ವಿಚಾರಣೆ ಉಳಿದಿತ್ತು.

“ನಿಮಗ ಹೇಳಿದ್ರ ಯಾಕ ಅಂತೀರಿ. ಅಂವಾ ಹೂಂ ಅಂತಾನ.”

ಮೂವತ್ತಾರು ವರ್ಷದ ಸಂಸಾರದಲ್ಲಿ ರಾಯರಿಗೆ ಇಷ್ಟು ನೋವಾಗಿದ್ದಿಲ್ಲ. ಈ ಹೆಂಗಸು ಬೈಯದೆ, ಅಳದೆ, ಪಕ್ಕದ ಓಣಿ ಹಿಡಿದಂತೆ ತಮ್ಮನ್ನು ತಪ್ಪಿಸಿ ಎಷ್ಟು ವರ್ಷದಿಂದ ಓಡಾಡುತ್ತಿದ್ದಾಳೋ!

“ನಾ ಸಾಲಿನ್ಯಾಗ ನಿಂತ ಹೋಗ್ತೀನಿ,” ಅಂದರು ಇಂದೂಬಾಯಿ. “ದಿಗಂಬರ, ಇದ ವಾರದ ಟಿಕೆಟ್ ನೋಡಪಾ.”

“ಹಂಗಾರ ನಾನೂ ಬರ್ತೀನಿ.”

“ಬ್ಯಾಡ್ರಿ. ನೀವು ಮನಿ ಕಾಯ್ರಿ.”

“ಮತ್ತ ತಲಿ ತಿರುಗಿದ್ರ?”

“ಹಿಂದ ಯಾರರ ನಿಂತಿರ್ತಾರಲ್ರಿ. ಹಿಡೀತಾರ.”

“ಯಾರು?”

ಕೇಳಬಾರದೆಂದೇ ಇದ್ದರು ಪಾಪ, ಬಾಯಿ ಕೇಳಬೇಕಲ್ಲ. ಇಂದೂಬಾಯಿ ಕೀಲಿಗಾಗಿ ಗಂಡನ ಮುಂದೆ ಕೈ ಚಾಚಿದರು. ರಾಯರು ಅಂಗಿಯ ಗುಂಡಿ ಬಿಚ್ಚಿ, ಜನಿವಾರಕ್ಕೆ ಕಟ್ಟಿಕೊಂಡಿದ್ದ ಕಪಾಟಿನ ಕೀಲಿ ಬಿಡಿಸಿ ಕೊಟ್ಟರು. ಇಂದೂಬಾಯಿ ಕಪಾಟಿನಿಂದ ಪಾಸ್‌ಪೋರ್ಟ್ ತೆಗೆದು ತಮ್ಮನ ಕೈಯಲ್ಲಿಟ್ಟರು. ಕೀಲಿಯನ್ನು ಮಾತ್ರ ತಿರುಗಿ ಕೊಡಲಿಲ್ಲ.